ಮುದ್ದೆಯ ತುತ್ತು



ಕೊಳ್ಳೇಗಾಲ, ಹನೂರು, ಯಳಂದೂರಿನ ಕಡೆ ರಾಗಿ ಮುದ್ದೆಯನ್ನು ಅಗಿಯುವುದಿಲ್ಲ. ಮುರಿದು, ಸಾರಿನಲ್ಲಿ ಅದ್ದಿ, ನುಂಗುತ್ತೇವೆ. ಅಗಿದರೆ ಹಲ್ಲಿಗೆ ಅಂಟುತ್ತದೆ ಎಂದು ಅಜ್ಜಿಯರೇ ಮಕ್ಕಳಿಗೆ ಕಲಿಸುತ್ತಾರೆ.

ತೂಕ ಇಳಿಸುವ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರಿಗೆ ಹೀಗೆ ಅಗಿಯದೆ ನುಂಗುವ ರೂಢಿಯೇ ಕಷ್ಟ. ಸ್ಲೀವ್ ಎಂಬ ಚಿಕಿತ್ಸೆಯಲ್ಲಿ ಜಠರದ ಸುಮಾರು ಮುಕ್ಕಾಲು ಭಾಗವನ್ನೇ ತೆಗೆಯುತ್ತಾರೆ. ಉಳಿಯುವುದು ಬಾಳೆಹಣ್ಣಿನಂಥ ಒಂದು ಸಣ್ಣ ಕೊಳವೆ. ಆಮೇಲೆ ಪ್ರತಿ ತುತ್ತನ್ನೂ ನುಣ್ಣಗಾಗುವವರೆಗೆ ಅಗಿಯಬೇಕು. ಊಟದ ಜೊತೆ ನೀರು ಕುಡಿಯಬಾರದು, ಅರ್ಧ ಗಂಟೆ ಬಿಟ್ಟು ಗುಟುಕರಿಸಬೇಕು. ಊಟದಲ್ಲಿ ಮೊದಲು ಮೊಟ್ಟೆ, ಬೇಯಿಸಿದ ಕಾಳು, ಮೊಸರು. ಮುದ್ದೆ, ಅನ್ನ ಕೊನೆಗೆ.

ಹೊಟ್ಟೆ ಒಂದೇ ದಿನದಲ್ಲಿ ಬದಲಾಗುತ್ತದೆ. ಕೈ ಮಾತ್ರ ಹಳೆಯ ಅಳತೆಯಲ್ಲೇ ತುತ್ತು ಮುರಿಯುತ್ತದೆ. ಗಂಟಲು ಹಳೆಯ ವೇಗದಲ್ಲೇ ನುಂಗುತ್ತದೆ. ಎದೆ ಒತ್ತಿದಂತಾಗುತ್ತದೆ, ವಾಂತಿಯೂ ಆಗಬಹುದು. ಇದನ್ನು ಹೊಟ್ಟೆಬಾಕತನ ಎಂದು ದಯವಿಟ್ಟು ಆಡಿಕೊಳ್ಳಬೇಡಿ. ಬಾಲ್ಯದಿಂದ ಮೈಗೂಡಿದ ರೂಢಿ ಅದು.

ನನ್ನನ್ನು ಹೆಚ್ಚು ಕಾಡುವುದು ಬಡಿಸುವವರ ಕೈ. ಬೀಗರ ಊಟದಲ್ಲಿ, ನಮ್ಮ ದೇವರು ಮಾದಪ್ಪನ ಹೆಸರಿನಲ್ಲಿ ಹಾಕುವ ಪಂಕ್ತಿಯಲ್ಲಿ, "ಇನ್ನೊಂದ್ ಚೂರು ಇಕ್ಕಿಸ್ಕೊಳಿ" ಎನ್ನುವುದೇ ನಮ್ಮ ಪ್ರೀತಿ. ಬೇಡ ಎಂದರೆ ನೊಂದುಕೊಳ್ಳುತ್ತೇವೆ. ಆ ಪ್ರೀತಿ ಹೋಗಬೇಕಿಲ್ಲ, ಒತ್ತಾಯ ಹೋದರೆ ಸಾಕು.

ಈ ಶಸ್ತ್ರಚಿಕಿತ್ಸೆ ಆದವರು ನಿಮ್ಮ ಮನೆಗೆ ಬಂದರೆ ಮೊದಲು ಕಾಳಿನ ಸಾರು ಬಡಿಸಿ. ಮುದ್ದೆ ಚಿಕ್ಕದಾಗಿರಲಿ. ಉಳಿಸಿದರೆ ಕಾರಣ ಕೇಳಬೇಡಿ. ಅವರು ನಿಧಾನವಾಗಿ ಅಗಿದು ಮುಗಿಸುವವರೆಗೆ ನೀವೂ ಎಲೆ ಬಿಟ್ಟು ಏಳದೆ ಮಾತಾಡುತ್ತಾ ಕೂತಿರಿ.