ಕೀ ಬಂಚಿನಲ್ಲೊಂದು ಪುಟ್ಟ ಕತ್ತರಿ

ಈ ವಾರದ್ದು ಬಹಳ ಪುಟ್ಟ ವಿಷಯ. ಕೂತಲ್ಲೇ ಒಂದ್ಸಲ ನಿಮ್ಮ ಕೀ ಬಂಚ್ ತೆಗೆದು ನೋಡ್ರಿ. ಗಾಡಿ ಕೀ, ಮನೆ ಕೀ, ಯಾವ ಬೀಗದ್ದು ಅಂತ ಮನೆಯಲ್ಲಿ ಯಾರಿಗೂ ನೆನಪಿಲ್ಲದ ಒಂದು ಕೀ. ಜೊತೆಗೆ ಯಾವುದೋ ಬಂಗಾರದ ಅಂಗಡಿಯವರು ದೀಪಾವಳಿಗೆ ಕೊಟ್ಟ ಕೀಚೈನ್. ಅದು ಏನೂ ಕೆಲಸ ಮಾಡಲ್ಲ, ಸುಮ್ನೆ ನೇತಾಡುತ್ತೆ. ಅದರ ಜಾಗದಲ್ಲಿ ಬೆರಳುದ್ದದ ಒಂದು ಕತ್ತರಿನೋ, ಚಿಮಟಾನೋ, ಸ್ಕ್ರೂಡ್ರೈವರೋ ಇದ್ರೆ ಹೇಗಿರುತ್ತೆ ಅನ್ನೋದೇ ಇವತ್ತಿನ ಮಾತು.

ಇದಕ್ಕೆ ಯೂಟ್ಯೂಬ್‌ನಲ್ಲಿ ದೊಡ್ಡ ಹೆಸರಿದೆ, ಎವ್ರಿಡೇ ಕ್ಯಾರಿ ಅಂತ. ಟೇಬಲ್ ಮೇಲೆ ಚಾಕು, ಟಾರ್ಚು, ಪೆನ್ನು ಎಲ್ಲಾ ಸಾಲಾಗಿ ಜೋಡಿಸಿ ಫೋಟೊ ತೆಗೀತಾರೆ. ನೋಡಿದ್ರೆ ವಿದೇಶದವರ ಶೋಕಿ ಅನಿಸುತ್ತೆ. ಆದ್ರೆ ನಮ್ಮ ಕಡೆ ಹಳ್ಳಿಗಳಲ್ಲಿ ಅಜ್ಜಂದಿರ ಉಡದಾರ ನೆನಪು ಮಾಡ್ಕೊಳ್ರಿ. ಪೆಟ್ಟಿಗೆ ಬೀಗದ ಕೈ, ಜಾಲಿ ಮುಳ್ಳು ತೆಗೆಯೋ ಚಿಮಟ, ಕಿವಿ ಗುಗ್ಗೆ ತೆಗೆಯೋ ಕಡ್ಡಿ, ಮೂರೂ ಒಂದೇ ಬಳೆಗೆ ಪೋಣಿಸಿ ಸೊಂಟಕ್ಕೆ ಕಟ್ಟಿರುತ್ತಿದ್ರು. ಜಾತ್ರೆ ಅಂಗಡಿಗಳಲ್ಲಿ ಬಳೆ, ಪಿಪಿ ಪಕ್ಕದಲ್ಲೇ ಆ ಚಿಮಟದ ಗೊಂಚಲು ನೇತು ಹಾಕಿರುತ್ತಿದ್ರು. ಹೊಲದಲ್ಲಿ ಬರಿಗಾಲಲ್ಲಿ ಓಡಾಡೋ ಮನುಷ್ಯನಿಗೆ ಚಿಮಟ ಮನೇಲಿದ್ದು ಏನು ಪ್ರಯೋಜನ?

ಇನ್ನು ಹೆಣ್ಣುಮಕ್ಕಳ ವಿಷಯ. ನಮ್ಮಮ್ಮನ ತಾಳಿ ಸರದಲ್ಲಿ ಇವತ್ತಿಗೂ ನಾಲ್ಕೈದು ಪಿನ್ನು ಇರ್ತಾವೆ, ಬಳೆಯಲ್ಲಿ ಇನ್ನೆರಡು. ಸೀರೆ ನೆರಿಗೆಗೆ ಒಂದು, ಚಪ್ಪಲಿ ಬಾರು ಕಿತ್ತರೆ ಒಂದು, ಬಸ್ಸಿನಲ್ಲಿ ಮೈಮೇಲೆ ಬೀಳೋ ಗಂಡಸಿಗೆ ಒಂದು. ಸೇಫ್ಟಿ ಪಿನ್ನಿಗೆ ವಾಲ್ಟರ್ ಹಂಟ್ ಅನ್ನೋ ಅಮೆರಿಕದವನು 1849ರಲ್ಲಿ ಪೇಟೆಂಟ್ ತಗೊಂಡ. ಅದನ್ನ ಇಷ್ಟು ಕೆಲಸಕ್ಕೆ ಹಚ್ಚಬಹುದು ಅಂತ ಅವನಿಗಂತೂ ಗೊತ್ತಿರಲಿಕ್ಕಿಲ್ಲ. ಎವ್ರಿಡೇ ಕ್ಯಾರಿ ವಿಡಿಯೊಗಳಲ್ಲಿ ಈ ತಾಳಿ ಸರದ ಪಿನ್ನು ಬಂದಿದ್ದು ನಾನು ಒಂದನ್ನೂ ನೋಡಿಲ್ಲ.

ಕಂಪನಿ ಸಾಮಾನಿನ ಕಡೆ ಬರೋಣ. ಈ ಜಾತಿಯಲ್ಲಿ ಎಲ್ಲರಿಗೂ ಗೊತ್ತಿರೋದು ಸ್ವಿಸ್ ಕಂಪನಿ ವಿಕ್ಟೋರಿನಾಕ್ಸ್‌ನ ಕ್ಲಾಸಿಕ್ ಎಸ್‌ಡಿ. ಉದ್ದ 58 ಮಿಲಿಮೀಟರ್, ತೂಕ 20 ಗ್ರಾಂ ಆಸುಪಾಸು. ಒಂದು ಚಾಕು, ಒಂದು ಕತ್ತರಿ, ಒಂದು ಅರ. ಅರದ ತುದಿಯೇ ಸ್ಕ್ರೂಡ್ರೈವರ್. ಹಿಡಿಕೆಯೊಳಗೆ ಹಲ್ಲುಕಡ್ಡಿ ಮತ್ತು ಚಿಮಟ. ಹೌದು, ಅಜ್ಜನ ಉಡದಾರದಲ್ಲಿ ಇದ್ದದ್ದೇ! ಇನ್ನೊಂದು ಅಮೆರಿಕದ ಲೆದರ್‌ಮನ್. ಟಿಮ್ ಲೆದರ್‌ಮನ್ ಅನ್ನೋರು 1975ರಲ್ಲಿ ಹಳೇ ಫಿಯಟ್ ಕಾರಿನಲ್ಲಿ ಯುರೋಪ್ ಸುತ್ತುವಾಗ ಕಾರು ಪದೇ ಪದೇ ಕೈಕೊಡ್ತಿತ್ತಂತೆ. ಜೇಬಲ್ಲಿ ಚಾಕು ಇತ್ತು, ಇಕ್ಕಳ ಇರಲಿಲ್ಲ. ಊರಿಗೆ ಹೋಗಿ ಎರಡನ್ನೂ ಸೇರಿಸಿ ಒಂದು ಸಾಮಾನು ಮಾಡಿದ್ರು. ಅದು ಮಾರಾಟಕ್ಕೆ ಬಂದಿದ್ದು 1983ರಲ್ಲಿ. ಆಮೇಲೆ ಅದೇ ಕಂಪನಿ ಕೀ ಬಂಚಿಗೆ ಹಾಕೋ ಮೈಕ್ರಾ ತಂದಿತು, ಅದರಲ್ಲಿ ಇಕ್ಕಳದ ಬದಲು ಕತ್ತರಿ.

ಕಬ್ಬಿಣದ ಮಾತು ಬಂದ ಮೇಲೆ ಹರಿಹರ ಬಿಡೋಕಾಗುತ್ತಾ? 1941ರಲ್ಲಿ ಶುರುವಾದ ಮೈಸೂರು ಕಿರ್ಲೋಸ್ಕರ್ ಅಲ್ಲಿ ಲೇತ್ ಮಷಿನ್ ತಯಾರು ಮಾಡ್ತಿತ್ತು. ದೇಶದ ಎಷ್ಟೋ ವರ್ಕ್‌ಶಾಪುಗಳಲ್ಲಿ ಇವತ್ತಿಗೂ ಆ ಲೇತುಗಳು ಓಡ್ತಿದ್ದಾವೆ. ಕಾರ್ಖಾನೆ ಮುಚ್ಚಿ ಎರಡು ದಶಕ ದಾಟಿತು. ಅಲ್ಲಿ ಟರ್ನರ್ ಆಗಿದ್ದ, ನಮ್ಮಪ್ಪನ ಸ್ನೇಹಿತರೊಬ್ಬರು ಹರಿಹರದಲ್ಲೇ ಇದ್ದಾರೆ. ನಾನು ಕಾಕಾ ಅಂತೀನಿ. ಅವರ ಕೀ ಬಂಚಿನಲ್ಲಿ ಉಕ್ಕಿನ ಒಂದು ಪಟ್ಟಿ ಇದೆ, ಸ್ವಂತ ಕೈಯಿಂದ ಮಾಡಿದ್ದು. ಒಂದು ತುದಿ ಉಜ್ಜಿ ಸ್ಕ್ರೂಡ್ರೈವರ್ ಮಾಡಿದಾರೆ, ಇನ್ನೊಂದು ತುದಿ 10 ನಂಬರ್ ಸ್ಪ್ಯಾನರ್, ಮಧ್ಯೆ ಅಳತೆಗೆ ಗೀಟು. ಅಷ್ಟೇ. ನಾನು ನನ್ನದನ್ನ ಜಂಬದಿಂದ ತೋರಿಸಿದೆ. ನನ್ನದು ಮೇಲೆ ಹೇಳಿದ ಯಾವ ಕಂಪನಿಯದೂ ಅಲ್ಲ, ಹೆಸರಿಲ್ಲದ ಮಾಲು. ಅವರು ಕತ್ತರಿ ಬಿಚ್ಚಿ, ಮುಚ್ಚಿ, ಕಿವಿ ಹತ್ತಿರ ಹಿಡಿದು ಶಬ್ದ ಕೇಳಿ, "ಇದರ ಸ್ಪ್ರಿಂಗ್ ಒಂದಿನ ಮುರೀತೈತೆ ನೋಡವ್ವಾ, ಉಳಿದದ್ದು ಗಟ್ಟಿ ಐತೆ" ಅಂದ್ರು. ಮುಂದಿನ ಮಳೆಗಾಲಕ್ಕೆ ಸ್ಪ್ರಿಂಗ್ ಮುರೀತು. ಅವರೇ ಗಡಿಯಾರದ ಹಳೇ ಸ್ಪ್ರಿಂಗ್ ತುಂಡೊಂದನ್ನ ಕೂರಿಸಿಕೊಟ್ರು.

ಆ ಕತ್ತರಿ ರಿಪೇರಿಯಾಗಿ ತಿಂಗಳೂ ಆಗಿರಲಿಲ್ಲ. ಸಂಜೆ ಹರಿಹರದಿಂದ ಹಳೇ ಪಿ.ಬಿ. ರಸ್ತೆಯಲ್ಲಿ ದಾವಣಗೆರೆಗೆ ಬರ್ತಿದ್ದೆ. ದೊಡ್ಡಬಾತಿ ದಾಟಿದ ಮೇಲೆ ನನ್ನ ಮುಂದಿದ್ದ ಬೈಕ್ ಗಕ್ಕನೆ ನಿಂತಿತು. ಹಿಂದೆ ಕೂತಿದ್ದ ಹುಡುಗಿಯ ವೇಲ್ ಚಕ್ರಕ್ಕೆ ಸುತ್ತಿಕೊಂಡು, ಕುತ್ತಿಗೆ ಹಿಂದಕ್ಕೆ ಬಾಗಿತ್ತು. ಬೈಕ್ ಓಡಿಸ್ತಿದ್ದ ಅಣ್ಣ ಬ್ರೇಕ್ ಹಾಕಿದ್ದೇ ಪುಣ್ಯ. ಆದ್ರೆ ಬಟ್ಟೆ ಎಷ್ಟು ಬಿಗಿಯಾಗಿತ್ತು ಅಂದ್ರೆ ಗಂಟಿನೊಳಗೆ ಬೆರಳು ಹೋಗ್ತಿರಲಿಲ್ಲ. ಆಕೆಗೆ ಮಾತು ಬರ್ತಿಲ್ಲ, ಅವರಣ್ಣ ಗಾಬರಿಯಲ್ಲಿ ಬಟ್ಟೆ ಜಗ್ತಾ ಇದ್ದಾನೆ. ಜಗ್ಗಿದಷ್ಟೂ ಇನ್ನೂ ಬಿಗಿ. ನಾನು ಗಾಡಿ ಆಫ್ ಮಾಡಿ, ಕೀ ಕಿತ್ತು, ಬೆನ್ನ ಹಿಂದೆ ಚಕ್ರದ ಹತ್ತಿರ ಬಟ್ಟೆಗೆ ಕತ್ತರಿ ಹಾಕಿದೆ. ಎರಡು ಸೆಂಟಿಮೀಟರ್ ಬಾಯಿಯ ಕತ್ತರಿ ನೋಡ್ರಿ, ಏಳೆಂಟು ಸಲ ಕಚಕಚ ಅನ್ನಿಸಬೇಕಾಯ್ತು. ಆಕೆ ಉಸಿರು ಎಳ್ಕೊಂಡು, ಕೆಮ್ಮಿ, ಸುಧಾರಿಸಿಕೊಂಡು ಆಡಿದ ಮೊದಲ ಮಾತು: "ಅಕ್ಕಾ, ಹೊಸ ವೇಲ್ ಅದು."

ಒಂದು ಮಾತು ಗಟ್ಟಿಯಾಗಿ ಹೇಳ್ತೀನಿ. ಇಂಥ ಹೊತ್ತಲ್ಲಿ ಮೊದಲು ಎಂಜಿನ್ ಆಫ್ ಮಾಡ್ರಿ, ಬಟ್ಟೆ ಜಗ್ಗಬೇಡ್ರಿ. ಆಗೋದಾದ್ರೆ ಚಕ್ರವನ್ನ ಹಿಂದಕ್ಕೆ ತಿರುಗಿಸ್ರಿ, ಸಡಿಲ ಆಗುತ್ತೆ. ಕತ್ತರಿಸೋದಾದ್ರೆ ಕುತ್ತಿಗೆಯಿಂದ ದೂರದಲ್ಲಿ ಕತ್ತರಿಸ್ರಿ. ಅದಕ್ಕೇ ಚಾಕುಗಿಂತ ಕತ್ತರಿ ವಾಸಿ ಅಂತ ನನ್ನ ಅಭಿಪ್ರಾಯ. ಗಾಬರಿಯಲ್ಲಿ ನಡುಗೋ ಕೈಗೆ ಚಾಕು ಕೊಡಬಾರದು. ಇನ್ನೊಂದು ವಿಷಯ. ಕೇಂದ್ರ ಮೋಟಾರು ವಾಹನ ನಿಯಮಗಳು 1989, ಅದರ 123ನೇ ನಿಯಮದ ಪ್ರಕಾರ ಬೈಕಿನ ಹಿಂದಿನ ಚಕ್ರದ ಅರ್ಧದಷ್ಟಾದರೂ ಮುಚ್ಚೋ ಕವಚ ಇರಬೇಕು, ಹಿಂದೆ ಕೂತವರ ಬಟ್ಟೆ ಸಿಕ್ಕಿಹಾಕಿಕೊಳ್ಳಬಾರದು ಅಂತಾನೇ. ಶೋರೂಮಿಂದ ಬಂದ ವಾರಕ್ಕೆ ಸ್ಟೈಲ್ ಹಾಳಾಗುತ್ತೆ ಅಂತ ಸಾರಿ ಗಾರ್ಡ್ ಬಿಚ್ಚಿಸೋ ತಮ್ಮಂದಿರೇ, ದಯವಿಟ್ಟು ವಾಪಸ್ ಹಾಕಿಸ್ರಪ್ಪ. ಕತ್ತರಿ ಇರೋ ಅಕ್ಕ ಪ್ರತಿ ಸಲ ಹಿಂದೆ ಬರ್ತಾಳೆ ಅಂತ ಇಲ್ಲ.

ಹಾಗಂತ ಸಿಕ್ಕಿದ್ದೆಲ್ಲಾ ಕೀ ಬಂಚಿಗೆ ನೇತು ಹಾಕಬೇಡ್ರಿ. ಅಮೆರಿಕದಲ್ಲಿ ಜನರಲ್ ಮೋಟಾರ್ಸ್ ಕಂಪನಿ 2014ರಲ್ಲಿ ಸುಮಾರು 26 ಲಕ್ಷ ಕಾರುಗಳನ್ನ ವಾಪಸ್ ಕರೆಸಿತು. ಇಗ್ನಿಷನ್ ಸ್ವಿಚ್ ಸಡಿಲ ಇತ್ತು. ಕೀ ಬಂಚ್ ಭಾರ ಇದ್ದರೆ, ಗಾಡಿ ಜರ್ಕ್ ಹೊಡೆದರೆ ಕೀ ತಾನೇ ತಿರುಗಿ ಎಂಜಿನ್ ಆಫ್ ಆಗ್ತಿತ್ತು, ಏರ್‌ಬ್ಯಾಗೂ ಬಿಚ್ಚಿಕೊಳ್ತಿರಲಿಲ್ಲ. 124 ಸಾವುಗಳಿಗೆ ಪರಿಹಾರ ಕೊಡಬೇಕಾಯ್ತು. ತಪ್ಪು ಸ್ವಿಚ್ಚಿನದ್ದೇ, ಆದ್ರೂ ರಿಪೇರಿ ಆಗೋವರೆಗೆ ಕಂಪನಿ ಕೊಟ್ಟ ಸಲಹೆ ಏನು ಗೊತ್ತಾ? ಬರೀ ಕೀ ಒಂದನ್ನೇ ಹಾಕಿ ಓಡಿಸಿ, ಬಂಚ್ ಬೇಡ ಅಂತ. ನಮ್ಮ ಸ್ಕೂಟರ್‌ಗಳಿಗೂ ಅರ್ಧ ಕೆ.ಜಿ. ಬಂಚ್ ನೇತಾಡಿಸೋದು ಒಳ್ಳೇದಲ್ಲ. ನಾನು ಈಗ ಗಾಡಿ ಕೀ ಬೇರೆ, ಉಳಿದದ್ದು ಬೇರೆ ಮಾಡಿ, ನಡುವೆ ಒತ್ತಿದ್ರೆ ಬಿಚ್ಚೋ ಕೊಕ್ಕೆ ಹಾಕಿದೀನಿ. ಗಾಡಿ ಓಡ್ತಿರುವಾಗ ಕತ್ತರಿ ಬ್ಯಾಗಲ್ಲಿರುತ್ತೆ.

ಬಿ.ಕಾಂ. ಓದಿದವಳು, ಲೆಕ್ಕ ಹೇಳದೆ ಇರೋಕಾಗಲ್ಲ. ನನ್ನದಕ್ಕೆ ಕೊಟ್ಟಿದ್ದು 650 ರೂಪಾಯಿ. ಮೂರು ವರ್ಷ ಆಯ್ತು, ಅಂದ್ರೆ ದಿನಕ್ಕೆ 60 ಪೈಸೆ. ಕೊರಿಯರ್ ಡಬ್ಬಿ, ನಂದಿನಿ ಹಾಲಿನ ಪ್ಯಾಕೆಟ್, ಅಪ್ಪನ ಕನ್ನಡಕದ ಸ್ಕ್ರೂ, ಹೊಸ ಬಟ್ಟೆಯ ಟ್ಯಾಗ್, ಏನಾದ್ರೂ ಒಂದು ಕೆಲಸ ದಿನಾ ಇದ್ದೇ ಇರುತ್ತೆ. ಕಂಪನಿ ಮಾಲು ಬೇಕಂದ್ರೆ ಸಾವಿರದ ಮೇಲೆ ಹೋಗುತ್ತೆ. ಮೊದಲನೇ ಸಲಕ್ಕೆ ಅದು ಬೇಡ. ಚಾಕು, ಓಪನರ್ ಎರಡೂ ಇರೋ ನೇಲ್ ಕಟರ್ ಯಾವ ಫ್ಯಾನ್ಸಿ ಸ್ಟೋರ್‌ನಲ್ಲೂ ಸಿಗುತ್ತೆ, ಅದನ್ನೇ ಹಾಕಿ ಒಂದು ತಿಂಗಳು ಓಡಾಡ್ರಿ. ಕೈ ತಾನಾಗೇ ಅದರ ಕಡೆ ಹೋಗ್ತಿದ್ರೆ ಆಮೇಲೆ ದೊಡ್ಡದು ತಗೊಳ್ರಿ. ಹದಿನೆಂಟು ಉಪಯೋಗ, ಇಪ್ಪತ್ತು ಉಪಯೋಗ ಅಂತ ಬರೆದಿರೋ ಎಟಿಎಂ ಕಾರ್ಡ್ ಆಕಾರದ ತಗಡು ಮಾತ್ರ ಬೇಡ್ವೇ ಬೇಡ. ಅದರಲ್ಲಿ ಬಾಟಲಿ ಮುಚ್ಚಳ ಬಿಟ್ರೆ ಬೇರೇನೂ ಸರಿಯಾಗಿ ತೆಗೆಯೋಕೆ ಬರಲ್ಲ.

ಹುಬ್ಬಳ್ಳಿಯಿಂದ ವಿಮಾನ ಹತ್ತೋರು ಹಿಂದಿನ ರಾತ್ರಿನೇ ಇದನ್ನ ಬಿಚ್ಚಿ ಮನೇಲಿಡಿ, ಇಲ್ಲಾ ಲಗೇಜ್‌ಗೆ ಹಾಕೋ ಸೂಟ್‌ಕೇಸಿನಲ್ಲಿಡಿ. ಕೈಚೀಲದಲ್ಲಿ ಎಷ್ಟೇ ಪುಟ್ಟ ಚಾಕು ಸಿಕ್ಕಿದ್ರೂ ಸೆಕ್ಯುರಿಟಿಯವರು ತಗೊಂಡು ಡಬ್ಬಿಗೆ ಹಾಕ್ತಾರೆ. ಆಮೇಲೆ ಅತ್ತರೂ ಕೊಡಲ್ಲ.