ಕೋಸಂಬರಿಯ ನೀರು, ಆಲೂಗಡ್ಡೆಯ ಪಾಠ



ಕೋಸಂಬರಿಗೆ ಉಪ್ಪನ್ನು ಬಡಿಸುವ ಹೊತ್ತಿಗೇ ಹಾಕಬೇಕು ಎನ್ನುವುದು ನಮ್ಮ ಅಡುಗೆಮನೆಗಳ ಹಳೆಯ ಮಾತು. ಮೊದಲೇ ಹಾಕಿಟ್ಟರೆ ಸೌತೆಕಾಯಿ ನೀರು ಬಿಟ್ಟುಕೊಳ್ಳುತ್ತದೆ. ಇದಕ್ಕೆ ವಿಜ್ಞಾನದಲ್ಲಿ 'ಅಭಿಸರಣೆ' ಎನ್ನುತ್ತಾರೆ. ಕನ್ನಡ ಬಿ.ಎ. ಓದಿದ ನನಗೆ ಇದನ್ನು ಕಲಿಸಿದವಳು ಮುಂಬಯಿಯಲ್ಲೇ ಬೆಳೆದ, ಒಂಬತ್ತನೇ ತರಗತಿಯ ನನ್ನ ಅಕ್ಕನ ಮಗಳು.

ಜೀವಕೋಶದ ಸುತ್ತ ತೆಳುವಾದ ಪೊರೆ ಇರುತ್ತದೆ. ಅದು ನೀರನ್ನು ಸಲೀಸಾಗಿ ಬಿಡುತ್ತದೆ, ಉಪ್ಪು ಸಕ್ಕರೆಗಳನ್ನು ಅಷ್ಟು ಸುಲಭವಾಗಿ ಬಿಡುವುದಿಲ್ಲ. ಹೊರಗೆ ಉಪ್ಪು ಹೆಚ್ಚಿದ್ದರೆ ಒಳಗಿನ ನೀರು ಹೊರಕ್ಕೆ, ಹೊರಗೆ ಬರೀ ನೀರಿದ್ದರೆ ಅದು ಒಳಕ್ಕೆ. ಫ್ರಾನ್ಸಿನ ನೋಲೆ ಎಂಬುವರು 1748ರಲ್ಲೇ ಪ್ರಾಣಿಯ ಮೂತ್ರಕೋಶದ ಪೊರೆ ಬಳಸಿ ಈ ಸಂಗತಿಯನ್ನು ಗಮನಿಸಿದ್ದರು. ಈ ಒತ್ತಡದ ನಿಯಮಗಳನ್ನು ವಿವರಿಸಿದ ವಾಂಟ್ ಹಾಫ್ ಅವರಿಗೆ 1901ರಲ್ಲಿ ರಸಾಯನಶಾಸ್ತ್ರದ ಮೊಟ್ಟಮೊದಲ ನೊಬೆಲ್ ಬಹುಮಾನ ಬಂತು.

ಹುಡುಗಿ ಆಲೂಗಡ್ಡೆಯ ಹೋಳುಗಳನ್ನು ಎರಡು ಬಟ್ಟಲಿಗೆ ಹಾಕಿದಳು. ಒಂದೊಂದರಲ್ಲೂ 50 ಗ್ರಾಂ. ಒಂದಕ್ಕೆ ಬರೀ ನೀರು, ಇನ್ನೊಂದಕ್ಕೆ ಎರಡು ಚಮಚ ಉಪ್ಪು ಬೆರೆಸಿದ ನೀರು. ಕಾಲು ಗಂಟೆ ಬಿಟ್ಟು ತೂಗಿದರೆ ಉಪ್ಪುನೀರಿನ ಹೋಳು 51 ಗ್ರಾಂ! ಕಡಿಮೆಯಾಗಬೇಕಾದದ್ದು ಹೆಚ್ಚಾಗಿತ್ತು.

ನನಗೆ ಡ್ಯೂಟಿಗೆ ಹೊತ್ತಾಗುತ್ತಿತ್ತು. "45 ಅಂತ ಬರೆದುಬಿಡೇ, ಯಾರು ನೋಡ್ತಾರೆ?" ಎಂದೆ.

"ತೋರಿಸಿದ್ದು 51 ಅಲ್ವಾ ಚಿಕ್ಕಮ್ಮ, 45 ಅಂತ ಹ್ಯಾಗೆ ಬರೀಲಿ?" ಎಂದಳು.

ಮೈಕಿನ ಮುಂದೆ ಒಂದು ಅಂಕಿ ತಪ್ಪಿದರೂ "ಕ್ಷಮಿಸಿ" ಎಂದು ತಿದ್ದಿ ಓದುವವಳು ನಾನು. ನಾಚಿಕೆಯಾಯಿತು.

ರಾತ್ರಿ ಇಬ್ಬರೂ ಕೂತು ಯೋಚಿಸಿದೆವು. ತಪ್ಪು ಸಿಕ್ಕಿತು. ಹೋಳಿಗೆ ಅಂಟಿದ್ದ ನೀರನ್ನು ಒರೆಸದೆ ತೂಗಿದ್ದೆವು, ನೆನೆಯಲು ಬಿಟ್ಟ ಸಮಯವೂ ಸಾಲದಾಗಿತ್ತು. ಹೊಸ ಹೋಳುಗಳನ್ನು ಎರಡು ಗಂಟೆ ನೆನೆಸಿ, ಬಟ್ಟೆಯಲ್ಲಿ ಒತ್ತಿ ಒರೆಸಿ ತೂಗಿದೆವು. ಬರೀ ನೀರಿನದು 53 ಗ್ರಾಂ, ಮುರಿದರೆ ಟಕ್ಕೆನ್ನುವಷ್ಟು ಗಟ್ಟಿ. ಉಪ್ಪುನೀರಿನದು 44 ಗ್ರಾಂ, ರಬ್ಬರಿನ ಹಾಗೆ ಬಾಗುತ್ತಿತ್ತು.

ಅವಳು ತನ್ನ ಪುಸ್ತಕದಲ್ಲಿ ಎರಡೂ ಸಲದ ಅಂಕಿಗಳನ್ನು ಬರೆದಳು. ಮೊದಲನೆಯದು ಏಕೆ ತಪ್ಪಿತು ಎಂಬುದನ್ನೂ ಬರೆದಳು. ನಾನು ಹೇಳಿದ 45 ಬರೆದಿದ್ದರೆ ಉತ್ತರವೇನೋ ಸರಿಯಾಗಿಯೇ ಕಾಣುತ್ತಿತ್ತು. ಆದರೆ ಒರೆಸಿ ತೂಗಬೇಕು ಎಂಬುದು ನಮ್ಮಿಬ್ಬರಿಗೂ ತಿಳಿಯುತ್ತಲೇ ಇರಲಿಲ್ಲ.

ನಿಮ್ಮ ಮನೆಯ ಮಕ್ಕಳೊಂದಿಗೆ ನೀವೂ ಮಾಡಿ ನೋಡಿ. ಬೇಕಾದದ್ದು ಒಂದು ಆಲೂಗಡ್ಡೆ, ಒಂದಿಷ್ಟು ಉಪ್ಪು, ಸ್ವಲ್ಪ ತಾಳ್ಮೆ.