ಚೈತ್ರದ ಮುಂಜಾನೆ, ಕೆರೆಯ ಮೀನು
(ಬೆಳ್ಳಿಹಬ್ಬದ ಸಭೆಯಲ್ಲಿ ಆಡಿದ ಮಾತು)



ಯುಗಾದಿ ಕಳೆದು ಕೆರೆ ನೀರು ಇಳಿದಾಗ ನಾವು ಕಾಟ್ಲಾ, ರೋಹು ಹಿಡಿಯಲು ಬಲೆ ಬಿಡುತ್ತೇವೆ. ಬಲೆಗಿಂತ ಮೊದಲು ನೋಡಬೇಕಾದ್ದು ಆಕಾಶವನ್ನು. ಹಿಂದಿನ ಸಂಜೆಯೇ ಹವಾಮಾನ ವರದಿ ಕೇಳಬೇಕು.

ದಿನವೆಲ್ಲ ಮೋಡ ಕವಿದು, ರಾತ್ರಿ ಗಾಳಿ ಆಡದಿದ್ದರೆ ಬೆಳಗಿನ ಜಾವ ನೀರಿನಲ್ಲಿ ಆಮ್ಲಜನಕ ಕಮ್ಮಿಯಾಗಿರುತ್ತೆ. ಮೀನು ಮೇಲೆ ಬಂದು ಬಾಯಿ ಬಿಡುತ್ತವೆ. ಸುಲಭವಾಗಿ ಸಿಕ್ತಾವೆ ಅಂತ ಬಲೆ ಎಳೆದರೆ ಕೆಸರು ಕದಡಿ ಸಣ್ಣ ಮೀನೂ ಸಾಯ್ತಾವೆ. ಅಂದು ಬೇಡ.

ಆಕಾಶ ತಿಳಿಯಾಗಿದ್ದರೆ ನಸುಕಿನಲ್ಲೇ ಇಳಿದು, ಬಿಸಿಲೇರುವ ಮೊದಲು, 9 ಗಂಟೆಯೊಳಗೆ ಮುಗಿಸಬೇಕು. ಕಿಲೋ ಮೀನಿಗೆ ಕಿಲೋ ಐಸು ಮೊದಲೇ ಬಂದಿರಬೇಕು.

ಒಂದು ವರ್ಷ ಐಸು ತಡವಾಯ್ತೆಂದು ಮಧ್ಯಾಹ್ನದ ಮೇಲೆ ಬಲೆ ಬಿಟ್ಟೆವು. ಅಶ್ವಿನಿ ಮಳೆಯ ಕಾಲ. ಗುಡುಗಿತು. ‘ಇನ್ನೊಂದೇ ಸಲ ಎಳೀರಿ’ ಅಂದವರು ನಾವೇ. ಏರಿಯ ಪಕ್ಕದ ತೆಂಗಿನ ಮರಕ್ಕೆ ಸಿಡಿಲು ಬಡಿಯಿತು. ತೆಪ್ಪದಲ್ಲಿ ಊರಿನ ಇಬ್ಬರು ಹುಡುಗರಿದ್ದರು. ದೇವರು ದೊಡ್ಡವನು, ಬದುಕಿದರು.

ಅಂದಿನಿಂದ ಗುಡುಗು ಕೇಳಿಸಿದರೆ ಬಲೆ ನೀರಲ್ಲೇ ಬಿಟ್ಟು ದಡ ಸೇರುತ್ತೇವೆ, ಮರದಡಿಯೂ ನಿಲ್ಲುವುದಿಲ್ಲ. ಬಲೆ ಹೋದರೆ ಸಂಘದಲ್ಲಿ ಸಾಲ ಮಾಡಿ ತರಬಹುದು. ಹೋದ ಮಗನನ್ನು ಯಾವ ಸಂಘದಿಂದ ತರೋಣ?